ಲೋಂಗ್ವಾದಲ್ಲಿ ಬೇಲಿ ಎಲ್ಲಿ ಹಾಕುವುದು?

ಮಡಿಕೇರಿಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಮ್ಯಾನ್ಮಾರ್ ಗಡಿಯ ಮೇಲೇ ಇರುವ ನಾಗಾಲ್ಯಾಂಡಿನ ಲೋಂಗ್ವಾ ಹಳ್ಳಿಯ ಬಗ್ಗೆ ಬಂದ ಲೇಖನ ಓದಿ ನೀವು ಬೇಸರದಿಂದ ಬರೆದಿದ್ದೀರಿ. ‘ಗಡಿ ಎಂದ ಮೇಲೆ ಬೇಲಿ ಬೇಕೇ ಬೇಕು. ಒಂದು ಮನೆ ಅಡ್ಡ ಬಂತು ಅಂತ ದೇಶದ ಭದ್ರತೆ ಸಡಿಲ ಮಾಡೋಕಾಗುತ್ತಾ?’ ಎಂದು ಕೇಳಿದ್ದೀರಿ. ಸೇನೆಯಲ್ಲಿ ದುಡಿದು ಬಂದವರು ನೀವು. ಮ್ಯಾನ್ಮಾರ್ ಕಡೆಯಿಂದ ಮಾದಕವಸ್ತು, ಬಂದೂಕು ಬರುತ್ತವೆ ಎಂಬ ನಿಮ್ಮ ಆತಂಕ ನಿಜವಾದದ್ದು. ಅವನ್ನು ತಡೆಯಲೇಬೇಕು.

ಆದರೆ ಅಡ್ಡ ಬಂದಿರುವುದು ಒಂದು ಮನೆಯಲ್ಲ. ಗಡಿರೇಖೆ ಆಂಗ್ ಅವರ ಮನೆಯ ಮಧ್ಯೆ ಹೋಗಿದೆ ಎಂಬುದಷ್ಟೇ ಜಾಸ್ತಿ ಸುದ್ದಿಯಾಗುತ್ತದೆ. ಆಂಗ್ ಎಂದರೆ ಕೊನ್ಯಾಕ್ ನಾಗಾ ಜನರ ವಂಶಪಾರಂಪರ್ಯದ ಒಡೆಯ. ಅವರ ಮಾತು ನಡೆಯುವ ಹಳ್ಳಿಗಳು ಎರಡೂ ದೇಶಗಳಲ್ಲಿವೆ. ಇತ್ತ ಮನೆ ಇದ್ದವರ ಕುಮರಿ ಹೊಲ, ಕಟ್ಟಿಗೆಯ ಕಾಡು ಅತ್ತ ಇದೆ. ಅತ್ತಲಿನ ಮಕ್ಕಳು ಇತ್ತಲಿನ ಶಾಲೆಗೆ ಬರುತ್ತಾರೆ. ಹೆಣ್ಣು ಕೊಟ್ಟು ತರುವುದೂ ಹಾಗೇ ನಡೆದಿದೆ.

ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್, 1937ರವರೆಗೆ ಬ್ರಿಟಿಷ್ ಇಂಡಿಯಾದಲ್ಲೇ ಇತ್ತು. ಎರಡು ದೇಶಗಳ ಗಡಿ ಒಪ್ಪಂದ ಆದದ್ದು 1967ರಲ್ಲಿ. ಗಡಿಕಲ್ಲು ನೆಟ್ಟದ್ದು ಅದಾದ ಮೇಲೆ. ಅಷ್ಟು ಹೊತ್ತಿಗಾಗಲೇ ಲೋಂಗ್ವಾ ಹಳೆಯ ಊರಾಗಿತ್ತು. ಗೆರೆಯ ಆಚೀಚೆ 16 ಕಿ.ಮೀ. ವೀಸಾ ಇಲ್ಲದೆ ಓಡಾಡಲು ಬಿಟ್ಟಿದ್ದು ಇದೇ ಕಾರಣಕ್ಕೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸುತ್ತೇವೆ, 1,643 ಕಿ.ಮೀ. ಉದ್ದಕ್ಕೂ ಬೇಲಿ ಹಾಕುತ್ತೇವೆ ಎಂದಿತು. ಕೆಲವೇ ವಾರಗಳಲ್ಲಿ ಮಿಜೋರಾಂ, ನಾಗಾಲ್ಯಾಂಡ್ ವಿಧಾನಸಭೆಗಳು ಬೇಡ ಎಂದು ನಿರ್ಣಯ ಮಾಡಿದವು. ಆ ವರ್ಷದ ಕೊನೆಗೆ ಹೊಸ ನಿಯಮ ಬಂತು. ಈಗ 10 ಕಿ.ಮೀ. ಒಳಗಿನವರು ಅಸ್ಸಾಂ ರೈಫಲ್ಸ್ ಕೊಡುವ ಪಾಸ್ ಹಿಡಿದು ಓಡಾಡಬೇಕು.

ನನಗೆ ಈ ಪಾಸ್ ಒಪ್ಪಿಗೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಇರಲಿ. ತಪಾಸಣೆ ಬಿಗಿಯಾಗಿರಲಿ. ಬೇಲಿ ಮಾತ್ರ ಬೇಡ ಎನ್ನುತ್ತೇನೆ, ಅದೂ ಭದ್ರತೆಯ ದೃಷ್ಟಿಯಿಂದಲೇ. 1999ರಲ್ಲಿ ಕಾರ್ಗಿಲ್ ಕಡೆ ನುಸುಳುಕೋರರನ್ನು ಕಂಡು ಮೊದಲು ಸೇನೆಗೆ ತಿಳಿಸಿದ್ದು ಕಳೆದುಹೋದ ಯಾಕ್ ಹುಡುಕಿಕೊಂಡು ಹೋಗಿದ್ದ ಕುರಿಗಾಹಿ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಲೋಂಗ್ವಾದಲ್ಲೂ ಕಾಡುದಾರಿಯಲ್ಲಿ ಹೊಸ ಮುಖ ಕಂಡರೆ ಮೊದಲು ಗುರುತಿಸುವವರು ಊರಿನವರೇ. ಅವರನ್ನು ಅವರ ಹೊಲದಿಂದಲೇ ಹೊರಗಿಟ್ಟರೆ ನಾಳೆ ಯಾವ ಮನಸ್ಸಿನಿಂದ ಬಂದು ಸುದ್ದಿ ಹೇಳುತ್ತಾರೆ?

ಇನ್ನು ಬೇಲಿ ಎಲ್ಲಿ ಹಾಕುವುದು ಹೇಳಿ. ಊರಿನ ಪಶ್ಚಿಮಕ್ಕೆ ಹಾಕಿದರೆ ನಮ್ಮ ಮತದಾರರೇ ಬೇಲಿಯ ಆಚೆ ಉಳಿಯುತ್ತಾರೆ. ಪೂರ್ವಕ್ಕೆ ಹಾಕಬೇಕೆಂದರೆ ಅದು ಬೇರೆ ದೇಶದ ನೆಲ. ಗೆರೆಯ ಮೇಲೇ ಹಾಕಿದರೆ ಮನೆಗಳನ್ನು ಒಡೆಯಬೇಕು. ಈಶಾನ್ಯದಲ್ಲಿ ನೀವು ಕೆಲಸ ಮಾಡಿದ್ದರೆ, ಅಲ್ಲಿನ ಹಳ್ಳಿಯವರ ಜೊತೆಗಿನ ನಿಮ್ಮ ಅನುಭವವನ್ನು ದಯವಿಟ್ಟು ಬರೆದು ಕಳುಹಿಸಿ. ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಪೂರ್ತಿ ಪ್ರಕಟಿಸುತ್ತೇವೆ.

– ಸಂಪಾದಕ