ಖಾಲಿ ಜಾಗಕ್ಕೆ ಎರಕ ಹೊಯ್ಯುವ ರೇಚಲ್ ವೈಟ್‌ರೀಡ್

ಬ್ರಿಟನ್ನಿನ ಶಿಲ್ಪಿ ರೇಚಲ್ ವೈಟ್‌ರೀಡ್ ಅವರು ಮೊದಲೇ ಇರುವ ವಸ್ತುಗಳಿಂದ ಎರಕ ತೆಗೆಯುತ್ತಾರೆ, ಹಾಗಿದ್ದ ಮೇಲೆ ಶಿಲ್ಪಿಯ ಕೆಲಸ ಅದರಲ್ಲಿ ಏನು ಉಳಿಯಿತು ಎಂದು ತಾವು ಕೇಳಿದ್ದೀರಿ. ಸ್ವತಃ ಪ್ಲಾಸ್ಟರ್‌ನಲ್ಲಿ ಕೆಲಸ ಮಾಡುವ ನನಗೆ ಅವರ ಕೃತಿಗಳು ಬಹಳ ಪ್ರಿಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಸಾಮಾನ್ಯವಾಗಿ ಮೂರ್ತಿಯಿಂದ ಅಚ್ಚು ತೆಗೆದು, ಆ ಅಚ್ಚಿನೊಳಗೆ ಎರಕ ಹೊಯ್ದರೆ ಕೈಗೆ ಬರುವುದು ಮೂಲದ ಇನ್ನೊಂದು ಪ್ರತಿ. ವೈಟ್‌ರೀಡ್ ಅವರು ವಸ್ತುವನ್ನೇ ಅಚ್ಚಾಗಿಸಿ, ಅದರ ಒಳಗೋ ಅಡಿಗೋ ಇರುವ ಖಾಲಿ ಜಾಗವನ್ನು ಗಟ್ಟಿಯಾಗಿಸಿ, ವಸ್ತುವನ್ನು ತೆಗೆದುಬಿಡುತ್ತಾರೆ. 1995ರ ಕೃತಿಯೊಂದರಲ್ಲಿ ಕುರ್ಚಿಗಳ ಅಡಿಯ ಜಾಗಗಳು ರಾಳದ ನೂರು ಗಟ್ಟಿಗಳಾಗಿ ಸಾಲಾಗಿ ನಿಂತಿವೆ; ಕುರ್ಚಿ ಮಾತ್ರ ಒಂದೂ ಇಲ್ಲ.

ಇದರ ಅರ್ಥ ನನಗೆ ಹೊಳೆದದ್ದು ಹಳೆಯ ಮೇಜಿನ ಡ್ರಾಯರ್ ಒಂದಕ್ಕೆ ಎಣ್ಣೆ ಸವರಿ ಪ್ಲಾಸ್ಟರ್ ತುಂಬಿದ ದಿನ. ಗಟ್ಟಿಯಾಗುವಾಗ ಅದು ಬೆಚ್ಚಗಾಯಿತು. ಹಲಗೆಗಳನ್ನು ಬಿಡಿಸಿದಾಗ, ಅಷ್ಟು ವರ್ಷ ಬಳಸಿಯೂ ನಾನು ಕಾಣದಿದ್ದ ಒಂದು ಗೀರು ಬಿಳಿಯ ಗೆರೆಯಾಗಿ ಎದ್ದು ನಿಂತಿತ್ತು.

1990ರ 'ಘೋಸ್ಟ್' ಕೃತಿಯಲ್ಲಿ ಇದೇ ಕೆಲಸ ಇಡೀ ಕೋಣೆಯ ಅಳತೆಯಲ್ಲಿ ನಡೆದಿದೆ. ಉತ್ತರ ಲಂಡನ್ನಿನ ವಿಕ್ಟೋರಿಯಾ ಕಾಲದ ಮನೆಯೊಂದರ ಕೋಣೆಯ ಗೋಡೆಗಳಿಗೆ ಭಾಗಭಾಗವಾಗಿ ಪ್ಲಾಸ್ಟರ್ ಹಚ್ಚಿ, ಅವನ್ನು ಬಿಡಿಸಿ, ಗೋಡೆಗೆ ಅಂಟಿದ್ದ ಮೈ ಹೊರಗೆ ಕಾಣುವಂತೆ ಉಕ್ಕಿನ ಚೌಕಟ್ಟಿಗೆ ಜೋಡಿಸಿದರು. ಅಗ್ಗಿಷ್ಟಿಕೆಯ ಪೊಳ್ಳು ಉಬ್ಬಾಗಿದೆ, ಅದರ ಮಸಿಯೂ ಅಂಟಿಕೊಂಡು ಬಂದಿದೆ. ಮುಂದೆ ಚಾಚಿದ್ದ ದೀಪದ ಸ್ವಿಚ್ಚು ಕುಳಿಯಾಗಿದೆ. ನೋಡುವವರು ನಿಲ್ಲುವುದು ಗೋಡೆ ಇದ್ದ ಜಾಗದಲ್ಲಿ. ಯಾವುದನ್ನು ತುಂಬಬೇಕು, ಯಾವುದನ್ನು ಕಿತ್ತೆಸೆಯಬೇಕು ಎಂಬ ಈ ನಿರ್ಧಾರವೇ, ನನ್ನ ದೃಷ್ಟಿಯಲ್ಲಿ, ಅವರ ಶಿಲ್ಪಕಲೆ.

1993ರಲ್ಲಿ ಪೂರ್ವ ಲಂಡನ್ನಿನ ಗ್ರೋವ್ ರಸ್ತೆಯಲ್ಲಿ ಕೆಡವಬೇಕಾಗಿದ್ದ ಒಂದು ಮನೆಯ ಒಳಮೈಗೆ ಕಾಂಕ್ರೀಟ್ ಸಿಂಪಡಿಸಿ, ಆಮೇಲೆ ಹೊರಗಿನ ಗೋಡೆಗಳನ್ನು ತೆಗೆಸಿದರು. ಬ್ರಿಟನ್ನಿನ ಸಮಕಾಲೀನ ಕಲೆಗೆ ಕೊಡುವ ಟರ್ನರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎಂದು ವೈಟ್‌ರೀಡ್ ಅವರು ಎನಿಸಿದ ದಿನವೇ ಸ್ಥಳೀಯ ಆಡಳಿತ ಆ 'ಹೌಸ್' ಕೃತಿಯನ್ನು ಕೆಡವಲು ತೀರ್ಮಾನಿಸಿತು, 1994ರ ಜನವರಿಯಲ್ಲಿ ಕೆಡವಿಯೂ ಬಿಟ್ಟಿತು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ತಾವು ಒಂದೇ ಕೃತಿಯನ್ನು ನೋಡುವುದಾದರೆ ವಿಯೆನ್ನಾದ ಯೂಡನ್‌ಪ್ಲಾಟ್ಸ್ ಚೌಕದ ಸ್ಮಾರಕವನ್ನು ನೋಡಿ. ನಾಜಿಗಳು ಕೊಂದ ಆಸ್ಟ್ರಿಯಾದ ಸುಮಾರು 65,000 ಯಹೂದಿಗಳ ನೆನಪಿಗೆ 2000ದಲ್ಲಿ ಅನಾವರಣಗೊಂಡ ಆ ಕಾಂಕ್ರೀಟ್ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನು ಒಳಮುಖವಾಗಿದೆ, ಹಾಳೆಗಳ ಅಂಚಷ್ಟೇ ಹೊರಗೆ ಕಾಣುತ್ತದೆ. ಒಂದರ ಹೆಸರನ್ನೂ ಓದಲಾಗುವುದಿಲ್ಲ, ಬಾಗಿಲಿಗೆ ಹಿಡಿಕೆಯೂ ಇಲ್ಲ.