ಕೆಂಗೇರಿನಾ, ತಾವರೆಕೆರೆನಾ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗಿದೀವಿ. ನಮ್ಮನೆಯವರ ಆಫೀಸು ಮೆಜೆಸ್ಟಿಕ್ ಹತ್ರ, ಇಬ್ರು ಮಕ್ಳು, ಜೊತೆಗೆ ಅತ್ತೆ ಇದಾರೆ. ಇಲ್ಲಿ ಕೊಳ್ಳೋಕಂತೂ ಆಗಲ್ಲ. ಒಂದೇ ದುಡ್ಡಿಗೆ ಕೆಂಗೇರಿಲಿ ಚಿಕ್ಕ ಫ್ಲಾಟು, ತಾವರೆಕೆರೆ ಕಡೆ ದೊಡ್ಡ ಮನೆ ಸಿಗ್ತಿದೆ. ಯಾವ್ದು ತಗೊಳ್ಲಿ?

ಉತ್ತರ: ನೋಡಮ್ಮ, ನಾನಾಗಿದ್ರೆ ಕೆಂಗೇರಿನೇ ಅಂತೀನಿ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ಚಲ್ಲಘಟ್ಟದವರೆಗೂ ಓಡ್ತಿದೆ, ಕೆಂಗೇರಿಲಿ ಹತ್ತಿದ್ರೆ ಎಲ್ಲೂ ಬದಲಾಯಿಸ್ದೆ ಮೆಜೆಸ್ಟಿಕ್ಕಿಗೇ ಹೋಗಿ ಇಳೀಬಹುದು, ತಾವರೆಕೆರೆಯಿಂದಾದ್ರೆ ಮಾಗಡಿ ರೋಡ್ ಟ್ರಾಫಿಕ್ಕಲ್ಲೇ ದಿನಾ ಒದ್ದಾಡ್ಬೇಕು, ರಾತ್ರಿ ಅಪ್ಪ ಮನೆಗೆ ಬರೋಷ್ಟ್ರಲ್ಲಿ ಮಕ್ಳು ಮಲಗಿರ್ತಾರೆ. ದೊಡ್ಡ ಹಾಲ್ ಇಟ್ಕೊಂಡು ಏನ್ಮಾಡ್ತೀರಾ ಹೇಳಿ.

ಆದ್ರೆ ಕೆಂಗೇರಿ ಅಂದ್ಮೇಲೆ ಊರಿನ ಕೊಳಚೆ ಹರಿಯೋ ವೃಷಭಾವತಿ ನದಿ ಇದೆ. ಒಂದ್ಸಲ ಸಂಜೆ ಹೊತ್ತು ಹೋಗಿ, ಅಡುಗೆಮನೆ ಕಿಟಕಿ ತೆಗೆದು ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಮೋರಿ ವಾಸ್ನೆ ಬಂದ್ರೆ ಆ ಫ್ಲಾಟು ಬೇಡ, ಅತ್ತೆಯವ್ರು ಇಡೀ ದಿನ ಅಲ್ಲೇ ಇರ್ಬೇಕಲ್ವಾ. ಆಮೇಲೆ ನೀರು, ಬ್ರೋಕರ್‌ನ ಕೇಳ್ಬೇಡಿ, ಪಕ್ಕದ ಮನೆಯವ್ರನ್ನ ಕೇಳಿ, ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸಿದ್ರಿ ಅಂತ. ಕಾವೇರಿ ಕುಡಿಯೋ ನೀರಿನ ಯೋಜನೆ 5ನೇ ಹಂತ 2024ರಲ್ಲೇ ಶುರುವಾಗಿದೆ ನಿಜ, ಆದ್ರೆ ನೀವು ನೋಡೋ ಕಟ್ಟಡಕ್ಕೆ ಕನೆಕ್ಷನ್ ಇದ್ಯಾ, ಬಿಲ್ ಕಣ್ಣಾರೆ ನೋಡಿ.

ತಾವರೆಕೆರೆನೇ ಬೇಕು ಅಂತ ಮನಸಾದ್ರೆ ಪಂಚಾಯ್ತಿ ಖಾತೆ ಯಾವ ಥರದ್ದು ಅಂತ ನೋಡ್ಕೊಳ್ಳಿ, ಇ-ಸ್ವತ್ತು (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 11ಬಿ, ಅಂದ್ರೆ ಲೇಔಟ್ ಅನುಮೋದನೆ ಇಲ್ಲದ ಆಸ್ತಿಗೆ ಕೊಡೋದು ಆದ್ರೆ ಸಾಲಕ್ಕೆ ಬ್ಯಾಂಕ್‌ನವ್ರು ಹಿಂದೆಮುಂದೆ ನೋಡ್ತಾರೆ. ಎಲ್ಲೇ ತಗೊಂಡ್ರೂ ವಕೀಲರಿಗೆ 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ) ತೋರಿಸ್ದೆ ಅಡ್ವಾನ್ಸ್ ಮಾತ್ರ ಕೊಡ್ಬೇಡಿ.