ಮಾನನಷ್ಟ ಕುರಿತ ನಿಮ್ಮ ಲೇಖನ: ಈ ರೂಪದಲ್ಲಿ ಬೇಡ

ನಮಸ್ಕಾರ. ‘ಮಾನನಷ್ಟ ಕಾನೂನು ರದ್ದಾಗಲಿ’ ಲೇಖನ ಓದಿದೆವು. ಸಿಟ್ಟು ನ್ಯಾಯವಾದದ್ದೇ, ಗುರಿ ತಪ್ಪಿದೆ.

ರದ್ದಾಗಬೇಕಾದದ್ದು ಯಾವುದು? ಸಿವಿಲ್ ದಾವೆಯನ್ನೂ ಕ್ರಿಮಿನಲ್ ಪ್ರಕರಣವನ್ನೂ ಒಂದೇ ಗೋಣಿಗೆ ತುಂಬಿದ್ದೀರಿ. ಸಿವಿಲ್‌ನಲ್ಲಿ ಬರೆದದ್ದು ಸತ್ಯವೆಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ಕ್ರಿಮಿನಲ್‌ನಲ್ಲಿ ಅಷ್ಟು ಸಾಲದು. ಅದು ಸಾರ್ವಜನಿಕ ಹಿತಕ್ಕಾಗಿತ್ತು ಎಂದೂ ತೋರಿಸಬೇಕು. ನಿಮ್ಮ ವಾದ ಹುಟ್ಟಬೇಕಿದ್ದದ್ದು ಇಲ್ಲಿ. ಅಂದಹಾಗೆ, ನೀವು ಹಿಡಿದುಕೊಂಡಿರುವ ಹಳೆಯ ದಂಡ ಸಂಹಿತೆಯ (ಐಪಿಸಿ) ಕಲಂ 499, 500ರ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 356 ಬಂದಿದೆ. ಶಿಕ್ಷೆಯಾಗಿ ಸಮುದಾಯ ಸೇವೆ ಹೊಸದು; ಎರಡು ವರ್ಷದವರೆಗಿನ ಸಜೆ ಹಾಗೇ ಉಳಿದಿದೆ.

ಆ ಎರಡು ವರ್ಷದ ಭಾರ ತೋರಿಸಲು ರಾಹುಲ್ ಗಾಂಧಿ ಪ್ರಕರಣವನ್ನೇ ಬಿಡಿಸಿ ಬರೆಯಿರಿ. 2019ರಲ್ಲಿ ಮಾತಾಡಿದ್ದು ಕೋಲಾರದಲ್ಲಿ, 2023ರ ಮಾರ್ಚ್‌ನಲ್ಲಿ ಶಿಕ್ಷೆಯಾದದ್ದು ಸೂರತ್‌ನಲ್ಲಿ. ಗರಿಷ್ಠ ಸಜೆ ಬಿದ್ದದ್ದರಿಂದ ಲೋಕಸಭಾ ಸದಸ್ಯತ್ವವೂ ಹೋಯಿತು. ಒಂದು ದಿನ ಕಡಿಮೆಯಿದ್ದರೂ ಹೋಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಆ ದೋಷಿ ತೀರ್ಪಿಗೆ ತಡೆ ಕೊಟ್ಟ ಸುಪ್ರೀಂ ಕೋರ್ಟ್, ಗರಿಷ್ಠ ಶಿಕ್ಷೆಗೆ ಕೆಳ ನ್ಯಾಯಾಲಯ ಕಾರಣ ಕೊಟ್ಟಿಲ್ಲ ಎಂದಿತು. ದೂರದ ಕೋರ್ಟಿಗೆ ಅಲೆದಾಟ, ವಕೀಲರ ಖರ್ಚು: ಸಣ್ಣ ಪತ್ರಿಕೆಯ ವರದಿಗಾರನಿಗೆ ತೀರ್ಪಿಗಿಂತ ಮೊದಲೇ ಶಿಕ್ಷೆ ಶುರುವಾಗಿರುತ್ತದೆ.

ಕ್ರಿಮಿನಲ್ ಮಾನನಷ್ಟವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2016ರ ಸುಬ್ರಮಣಿಯನ್ ಸ್ವಾಮಿ ತೀರ್ಪನ್ನು ‘ಹಳೆಯ ಮನೋಭಾವ’ ಎಂದು ಒಂದೇ ಸಾಲಿನಲ್ಲಿ ತಳ್ಳಿದ್ದೀರಿ. ಹಾಗೆ ಆಗದು. ಮರ್ಯಾದೆಯೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎನ್ನುತ್ತದೆ ಆ ತೀರ್ಪು. ಅದನ್ನು ಕಾಪಾಡಲು ಸಿವಿಲ್ ಪರಿಹಾರ ಸಾಕು, ಜೈಲು ಬೇಡ ಎಂದು ನೀವು ವಾದಿಸಿ ಗೆಲ್ಲಬೇಕು.

‘ಇಂಗ್ಲೆಂಡ್ ಈ ಕಾನೂನನ್ನೇ ಕಿತ್ತೆಸೆಯಿತು’ ಎಂಬುದು ತಪ್ಪು. ಅಲ್ಲಿ 2010ರಲ್ಲಿ ಹೋದದ್ದು ಅಪರಾಧ ಮಾತ್ರ. 2013ರ ಕಾಯ್ದೆ ಸಿವಿಲ್ ದಾವೆಗೆ ‘ಗಂಭೀರ ಹಾನಿ’ಯ ಹೊಸ್ತಿಲು ಇಟ್ಟಿತು, ಲಾಭಕ್ಕಾಗಿ ವ್ಯವಹರಿಸುವ ಕಂಪನಿಗಳು ಗಂಭೀರ ಹಣದ ನಷ್ಟವನ್ನೇ ತೋರಿಸಬೇಕು. ನಿಮಗೆ ಬೇಕಾದ ಮಾದರಿ ಇದೇ.

ಕೊನೆಗೆ, ಸೇತುವೆಯ ಗುತ್ತಿಗೆದಾರರ ಮೇಲೆ ಆರೋಪ ಹೊರಿಸುವ ನಿಮ್ಮ ಮೂರನೇ ಪ್ಯಾರಾ ನಮ್ಮಿಬ್ಬರನ್ನೂ ಕಟಕಟೆಗೆ ಹತ್ತಿಸಬಲ್ಲದು. ಗುತ್ತಿಗೆದಾರರ ಹೆಸರಿಲ್ಲ, ನಿಜ. ಊರು, ಸೇತುವೆ, ವರ್ಷ ಇವೆ. ಓದಿದವರು ಗುರುತಿಸಿದರೆ ಸಾಕು. ‘ಎನ್ನಲಾಗಿದೆ’ ಗುರಾಣಿಯಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಗುರಾಣಿಯಲ್ಲ. ಇನ್ನೊಬ್ಬರ ಆರೋಪ ಮರುಮುದ್ರಿಸಿದರೂ ಹೊಣೆ ನಮ್ಮದೇ. ಟೆಂಡರ್ ದಾಖಲೆ, ಆರ್‌ಟಿಐ ಉತ್ತರದ ಪ್ರತಿ, ಅವರ ಪ್ರತಿಕ್ರಿಯೆ ಕೇಳಿ ಕಳಿಸಿದ ದಿನಾಂಕಸಹಿತ ಪತ್ರ ಇದ್ದರೆ ಲಗತ್ತಿಸಿ. ಇಲ್ಲವಾದರೆ ಪ್ಯಾರಾ ತೆಗೆದು, ಉಳಿದದ್ದನ್ನು ತಿದ್ದಿ ಕಳಿಸಿ.